ನಾಲ್ಕನೇ ನಂಬರಿನ ತಪ್ಪು

ಹೊಸ ಅಂಗಿ ಹಾಕಿಕೊಂಡು ನಮ್ಮ ದೊಡ್ಡಮ್ಮನ ಎದುರು ನಿಲ್ಲುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. "ಚೆನ್ನಾಗಿದೆ" ಎನ್ನುವುದು ಅವಳ ಬಾಯಿಂದ ಬರುವ ಮಾತೇ ಅಲ್ಲ. ಮೊದಲು ಕಾಲರಿನ ಎರಡು ತುದಿಗಳನ್ನು ಹಿಡಿದು ಜೋಡಿಸಿ ನೋಡುತ್ತಾಳೆ, ಆಮೇಲೆ ಭುಜದ ಹೊಲಿಗೆ, ಆಮೇಲೆ ತೋಳು, ಆಮೇಲೆ ನಿಮ್ಮನ್ನು ಗಿರಕ್ಕನೆ ತಿರುಗಿಸಿ ಬೆನ್ನು. ನನ್ನ ಮದುವೆಯ ದಿನ ಎಲ್ಲರೂ ನನ್ನ ಮುಖ ನೋಡುತ್ತಿದ್ದರೆ ಇವಳು ಎಡಭುಜ ನೋಡಿ, ಚೀಲದಿಂದ ಕೆಂಪು ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ತೆಗೆದು ಅಂಟಿಸಿಯೇಬಿಟ್ಟಳು. ಫೋಟೋಗಳಲ್ಲೆಲ್ಲ ಅದು ಬಂದಿದೆ. ಜಗಳವಾದಾಗಲೆಲ್ಲ ನನ್ನ ಹೆಂಡತಿ ಆಲ್ಬಂ ತೆಗೆದು, ನಿಮ್ಮ ದೊಡ್ಡಮ್ಮ ಅವತ್ತೇ ಎಚ್ಚರಿಸಿದ್ದರು, ನಾನೇ ಗಮನಿಸಲಿಲ್ಲ ಎನ್ನುತ್ತಾಳೆ.

ಇದನ್ನು ಅವಳ ಸ್ವಭಾವ ಎನ್ನುವವರಿದ್ದಾರೆ. ಸ್ವಭಾವವಲ್ಲ, ಉದ್ಯೋಗ. ಷರ್ಟು ಹೊಲಿಯುವ ಕಾರ್ಖಾನೆಯಲ್ಲಿ ಕೊನೆಯ ಚೆಕಿಂಗ್ ಟೇಬಲ್ಲಿನ ಮುಂದೆ ಅವಳು ಇಪ್ಪತ್ತನಾಲ್ಕು ವರ್ಷ ನಿಂತಿದ್ದಳು. ಆ ಟೇಬಲ್ಲಿಗೆ ಒಂಬತ್ತು ಹೆಂಗಸರು, ಒಂದರಿಂದ ಒಂಬತ್ತರವರೆಗೆ ನಂಬರು. ದೊಡ್ಡಮ್ಮ ನಾಲ್ಕನೇ ನಂಬರು. ತಪ್ಪು ಕಂಡ ಷರ್ಟಿಗೆ ಬಾಣ ಅಂಟಿಸಿ ಹೊಲಿದವರಿಗೇ ವಾಪಸ್ಸು ಕಳಿಸುವುದು, ಸರಿಯಿದ್ದ ಷರ್ಟಿನ ಪಕ್ಕದ ಹೊಲಿಗೆಯೊಳಗೆ ತನ್ನ ನಂಬರಿನ ಚೀಟಿ ಸಿಕ್ಕಿಸಿ ಮುಂದಕ್ಕೆ ಬಿಡುವುದು, ಇಷ್ಟೇ ಕೆಲಸ. ಕೇಳುವುದಕ್ಕೆ ಸುಲಭ. ದಿನಕ್ಕೆ ಆರುನೂರು ಷರ್ಟು ನೋಡಿದ ಮೇಲೆ ಮನುಷ್ಯರ ಮುಖವೂ ಕಾಲರಿನ ಹಾಗೆ ಕಾಣುತ್ತದೆಯಂತೆ.

ಆ ಟೇಬಲ್ಲಿಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಹೊರಗೆ ಹೋದ ಷರ್ಟು ಯಾವುದಾದರೂ ತಪ್ಪಿಗಾಗಿ ಹಿಂದಕ್ಕೆ ಬಂದರೆ, ಅದರೊಳಗೆ ಯಾರ ನಂಬರಿದೆಯೋ ಅವರು ವಾಪಸ್ಸು ಪುಸ್ತಕದಲ್ಲಿ "ನನ್ನ ತಪ್ಪು" ಎಂದು ಬರೆದು ಸಹಿ ಹಾಕಬೇಕು. ತಲೆನೋವಿತ್ತು, ಕರೆಂಟು ಹೋಗಿತ್ತು, ಪಕ್ಕದವಳು ಮಾತಾಡಿಸಿದಳು ಎಂಬ ಸಬೂಬು ಯಾವುದೂ ನಡೆಯುವುದಿಲ್ಲ. ಸಹಿ ಹಾಕಿದ ಮೇಲೆ ಯಾರೂ ಆಡಿಕೊಳ್ಳುವುದೂ ಇಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ದೊಡ್ಡಮ್ಮ ಹನ್ನೊಂದು ಸಲ ಸಹಿ ಹಾಕಿದ್ದಳು. ಬೇರೆಯವರು ಮಕ್ಕಳು ಹುಟ್ಟಿದ ದಿನ ಹೇಳಿದಂತೆ ಅವಳು ಆ ಹನ್ನೊಂದು ದಿನಗಳನ್ನು ಹೇಳುತ್ತಾಳೆ.

ಒಂದು ಶನಿವಾರ ಮಧ್ಯಾಹ್ನ ಕಾರ್ಖಾನೆ ಮುಚ್ಚಿತು. ಮುನ್ನೂರು ಜನ ಊಟದ ಡಬ್ಬಿ ಹಿಡಿದುಕೊಂಡು ಗೇಟಿನ ಹೊರಗೆ ಬಂದರು. ದೊಡ್ಡಮ್ಮ ನಮ್ಮ ಮನೆಗೆ ಬಂದು, ಮುಚ್ಚಿಹೋಯಿತು ಎಂದಷ್ಟೇ ಹೇಳಿ, ನೀರು ಕುಡಿದು, ನಮ್ಮ ಮನೆಯ ಕಿಟಕಿ ಪರದೆಯ ಅಂಚು ಒಂದು ಕಡೆ ಇಳಿದಿದೆ ಎಂದು ತಿಳಿಸಿ ಹೊರಟುಹೋದಳು.

ಈಗ ಅವಳ ಮನೆಯ ವಿಷಯ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ನಿಂತಿರುವುದು ಅದರ ಮೇಲೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳೇ ಹುಡುಕಿ ಬಾಡಿಗೆಗೆ ಹಿಡಿದದ್ದು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು. ನಮ್ಮ ಮನೆಗೂ ಅದಕ್ಕೂ ನಡುವೆ ಆರು ಬೀದಿ. ಆ ಆರು ಬೀದಿಗಳಿರುವುದರಿಂದಲೇ ನಮ್ಮಮ್ಮನೂ ಅವಳ ಅಕ್ಕನೂ ಜೀವಕ್ಕೆ ಜೀವ ಎನ್ನುವಂತಿದ್ದಾರೆ. ಹಿಂದೊಮ್ಮೆ ಆ ಮನೆಯ ಚಾವಣಿ ರಿಪೇರಿಯಾದಾಗ ದೊಡ್ಡಮ್ಮ ನಮ್ಮಲ್ಲಿ ಐದು ದಿನ ಇದ್ದಳು. ಒದ್ದೆ ಟವೆಲನ್ನು ಎಡಕ್ಕೆ ಹಿಂಡಬೇಕೋ ಬಲಕ್ಕೆ ಹಿಂಡಬೇಕೋ ಎಂಬಲ್ಲಿಂದ ಶುರುವಾಗಿ, ಮೂರನೆಯ ದಿನಕ್ಕೆ ಅಕ್ಕತಂಗಿಯರು ನೇರ ಮಾತು ನಿಲ್ಲಿಸಿ ಎಲ್ಲವನ್ನೂ ನನ್ನ ಮೂಲಕ ಹೇಳಿಸುತ್ತಿದ್ದರು. "ನಿಮ್ಮಮ್ಮನಿಗೆ ಉಪ್ಪು ಕೊಡೋಕೆ ಹೇಳು" ಎಂದರೆ ಉಪ್ಪು ಅಮ್ಮನ ಕೈಯಲ್ಲೇ ಇರುತ್ತಿತ್ತು, ಅಮ್ಮ ದೊಡ್ಡಮ್ಮನ ಪಕ್ಕದಲ್ಲೇ ಇರುತ್ತಿದ್ದಳು.

ಮನೆ ಮಾಲೀಕ ಒಳ್ಳೆಯವನೇ. ಕೊಟ್ಟಿರುವ ಮುಂಗಡ ಬಾಡಿಗೆಗೆ ಕಳೆಯುವವರೆಗೆ ಇರಿ, ಅಂದರೆ ಹದಿಮೂರು ವಾರ. ಆಮೇಲೆ ತಿಂಗಳ ಬಾಡಿಗೆ ಬರುವುದು ಖಚಿತವಿಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದ. ಬಾಡಿಗೆಗೆ ಇದ್ದ ದಾರಿ ಒಂದೇ. ತಮ್ಮ ತಪ್ಪಿಲ್ಲದೆ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಆರು ತಿಂಗಳು ಅರ್ಧ ಸಂಬಳ ಕೊಡುತ್ತದೆ. ಅದು ಮಂಜೂರಾದರೆ ದೊಡ್ಡಮ್ಮನ ಮನೆ ಉಳಿಯುತ್ತದೆ. ಆಗದಿದ್ದರೆ ಅವಳು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಹಿಂದಿನ ಕೋಣೆಗೆ ಬರುತ್ತಾಳೆ. ಆ ಹಣ ಬರಲಿ ಎಂದು ದೊಡ್ಡಮ್ಮ ಎಷ್ಟು ಹಂಬಲಿಸಿದಳೋ ಗೊತ್ತಿಲ್ಲ. ನಮ್ಮಮ್ಮನಂತೂ ಊಟ ಬಿಡುವುದೊಂದು ಬಾಕಿ.

ನನ್ನದು ಝೆರಾಕ್ಸ್ ಅಂಗಡಿ. ಭತ್ಯೆ ಕೊಡುವ ಕಚೇರಿಯಿಂದ ನೂರು ಹೆಜ್ಜೆ. ಅರ್ಜಿ ತುಂಬಿಸುವುದರಲ್ಲಿ ನಾನು ಕೈ ಪಳಗಿದವನು ಎಂಬ ಹೆಮ್ಮೆ ನನಗಿತ್ತು. ನಾಲ್ಕು ಪುಟದ ಅರ್ಜಿ, ಮೂವತ್ತೊಂದು ಕಾಲಮ್ಮು. ಆರರವರೆಗೆ ನಾನೇ ತುಂಬಿದೆ. ಏಳನೆಯದಕ್ಕೆ ಬರುವಷ್ಟರಲ್ಲಿ ಮೆಷಿನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ಬರುವುದರೊಳಗೆ ದೊಡ್ಡಮ್ಮ ತಾನೇ ಏನೋ ಬರೆದು, ಎಂಟನೆಯದನ್ನು ನನ್ನ ಮುಂದೆ ಹಿಡಿದಳು. ಏಳು ಎಂದರೆ "ಕೆಲಸ ಹೋಗಲು ಕಾರಣ". ಕಾರ್ಖಾನೆ ಮುಚ್ಚಿತು ಎಂದು ಬರೆಯುವುದಕ್ಕೆ ನನ್ನಂಥ ಪಂಡಿತ ಬೇಕಿಲ್ಲವೆಂದು ನಾನು ಕಣ್ಣು ಹಾಯಿಸಲೂ ಇಲ್ಲ.

ಮೂರು ವಾರ ಬಿಟ್ಟು ಕಾಗದ ಬಂತು. ತಮ್ಮ ಸ್ವಂತ ತಪ್ಪಿನಿಂದ ಕೆಲಸ ಕಳೆದುಕೊಂಡಿರುವುದಾಗಿ ತಾವೇ ತಿಳಿಸಿರುವುದರಿಂದ ತಾವು ಭತ್ಯೆಗೆ ಅರ್ಹರಲ್ಲ ಎಂದು ಅದರಲ್ಲಿತ್ತು. ನಾನು ಪ್ರತಿ ತೆಗೆದು ನೋಡಿದೆ. ಏಳನೆಯ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ "ನನ್ನ ತಪ್ಪು. ನಂಬರ್ 4" ಎಂದಿತ್ತು. ಕೆಳಗೆ ಸಹಿ.

ನನಗೆ ಮೈ ಉರಿದುಹೋಯಿತು. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆ ಎನ್ನುವುದನ್ನೂ ನೋಡದೆ ಕೂಗಾಡಿದೆ. ದೊಡ್ಡಮ್ಮ ಬೆಂಚಿನ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಗಿರಾಕಿಗಳು ಹೋದ ಮೇಲೆ, ಯಾರಿಗೂ ಹೇಳಿರದ ಸಂಗತಿ ಬಾಯಿಬಿಟ್ಟಳು. ಆ ಶನಿವಾರ ಮ್ಯಾನೇಜರು ಅವಳೊಬ್ಬಳನ್ನೇ ಒಳಗೆ ಕರೆದಿದ್ದನಂತೆ. ಕಾಲರಿನ ಎಡತುದಿ ಉದ್ದವಾಗಿರುವ ನಲವತ್ತೆರಡು ಷರ್ಟುಗಳು ವಾಪಸ್ಸು ಬಂದಿವೆ, ಎಲ್ಲದರಲ್ಲೂ ನಿನ್ನದೇ ನಂಬರು, ಹೊರದೇಶದ ದೊಡ್ಡ ಗಿರಾಕಿ ಇನ್ನು ಮುಂದೆ ಒಂದು ಗುಂಡಿಯನ್ನೂ ಕೊಳ್ಳುವುದಿಲ್ಲ ಎಂದಿದ್ದಾನೆ, ಅದಕ್ಕೇ ಬಾಗಿಲು ಹಾಕುತ್ತಿದ್ದೇವೆ ಎಂದನಂತೆ. ಇಷ್ಟು ವರ್ಷದ ಮುಖ ನೋಡಿಕೊಂಡು ನಾನು ಯಾರಿಗೂ ಹೇಳುವುದಿಲ್ಲ, ನೀನೂ ಹೇಳಬೇಡ, ಗೊತ್ತಾದರೆ ಮುನ್ನೂರು ಜನ ನಿನ್ನ ಮನೆ ಮುಂದೆ ಬಂದು ನಿಲ್ಲುತ್ತಾರೆ ಎಂದೂ ಹೇಳಿದನಂತೆ. ಅವನು ವಾಪಸ್ಸು ಪುಸ್ತಕದ ಖಾಲಿ ಹಾಳೆಯೊಂದನ್ನು ಮುಂದಿಟ್ಟ, ಇವಳು ಹನ್ನೆರಡನೆಯ ಸಹಿ ಹಾಕಿ ಬಂದಿದ್ದಳು.

"ಆಯ್ತು, ಅದು ಅಲ್ಲಿಗೆ ಮುಗೀತು. ಸರ್ಕಾರಕ್ಕೆ ಅದನ್ನೆಲ್ಲ ಯಾಕೆ ಬರೆದೆ? ಕಾರ್ಖಾನೆ ಮುಚ್ಚಿದ್ದು ನಿಜ ತಾನೆ?" ಎಂದೆ.

"ಕಾರಣ ಏನು ಅಂತ ಕೇಳಿದಾರೆ ಕಣೋ. ಕಾರಣ ನಾನು. ಸುಳ್ಳು ಬರೀಲಾ?"

ಮೇಲ್ಮನವಿಗೆ ಅವಕಾಶವಿತ್ತು. ಅದನ್ನು ಹಾಕಿದ್ದು ನಾನು. ಅದು ಹೋಗಿ ಕೂತದ್ದು ಆರನೇ ಕೌಂಟರಿನ ಅಧಿಕಾರಿಯ ಮುಂದೆ. ಅವರಿಗೆ ನಾನಿಟ್ಟ ಹೆಸರು ಪರಿಶೀಲನೆ ಸಾಹೇಬರು. ಯಾವಾಗ ಹೋಗಿ ಏನು ಕೇಳಿದರೂ "ಪರಿಶೀಲನೆಯಲ್ಲಿದೆ" ಎಂದು, ಅದೇನೋ ಹೆರಿಗೆ ಕೋಣೆಯಲ್ಲಿದೆ ಎನ್ನುವಷ್ಟು ಮೆಲ್ಲಗೆ ಹೇಳುತ್ತಿದ್ದರು. ಕೆಟ್ಟವರಲ್ಲ. ಮೇಜಿನ ಮೇಲೆ ಕಡತಗಳು ಅವರ ನೆತ್ತಿಯವರೆಗೆ ಬಂದಿದ್ದವು. ಅವರು ಕೂತಿದ್ದಾರೋ ಇಲ್ಲವೋ ಎಂದು ತಿಳಿಯಲು ಬಗ್ಗಿ ಚಪ್ಪಲಿ ನೋಡಬೇಕಿತ್ತು.

ಒಂದು ಸಲ ಅವರೇ ದಾರಿ ತೋರಿಸಲು ನೋಡಿದರು. ಅರ್ಜಿ ತಿದ್ದಿಕೊಳ್ಳಿ ಎಂದು ಬಾಯಿಬಿಟ್ಟು ಹೇಳುವ ಹಾಗಿಲ್ಲವಲ್ಲ. ಮೇಲೆ ತಿರುಗುವ ಫ್ಯಾನು ನೋಡುತ್ತ, ಕೆಲವರು ಈ ಕಾಲಮ್ಮಿನಲ್ಲಿ ಕಾರ್ಖಾನೆ ಮುಚ್ಚಿತು ಎಂದಷ್ಟೇ ಬರೆಯುತ್ತಾರೆ ಎಂದರು. ನಾನು ದೊಡ್ಡಮ್ಮನ ಕಾಲು ತುಳಿದೆ. ಅವಳು ಕಾಲು ಎಳೆದುಕೊಂಡು, "ಅವರು ಬರೀಲಿ ಸಾಹೇಬ್ರೆ. ಅವರದ್ದೇನೂ ತಪ್ಪಿರಲ್ಲ" ಎಂದಳು. ಸಾಹೇಬರು ಫ್ಯಾನಿನಿಂದ ಕಣ್ಣಿಳಿಸಿ ನನ್ನನ್ನು ನೋಡಿದರು. ನಮ್ಮಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕನಿಕರ ಹುಟ್ಟಿತು.

ಮೇಲ್ಮನವಿ ನಡೆಯುತ್ತಿರುವಾಗಲೂ ಎರಡು ವಾರಕ್ಕೊಮ್ಮೆ ಕಚೇರಿಗೆ ಹಾಜರಾಗಬೇಕು, ಮೂರು ಕಡೆ ಕೆಲಸ ಕೇಳಿದ್ದಕ್ಕೆ ಅವರವರ ಕೈಬರಹದ ಪುರಾವೆ ತರಬೇಕು. ದೊಡ್ಡಮ್ಮ ಷರ್ಟು ಮಾರುವ ಒಂದು ದೊಡ್ಡ ಅಂಗಡಿಗೆ ಹೋದಳು. ಕೆಲಸ ಕೇಳುವ ಮೊದಲು, ಕೈಗೆ ಸಿಕ್ಕ ಷರ್ಟುಗಳನ್ನು ಸುಮ್ಮನೆ ನೋಡಿದಳಂತೆ. ಅರ್ಧ ಗಂಟೆಯಲ್ಲಿ ಮೂವತ್ತು ಷರ್ಟಿಗೆ ಬಾಣ ಬಿದ್ದಿತ್ತು. ಕೊಳ್ಳಲು ಬಂದಿದ್ದ ಗಂಡಹೆಂಡತಿ ಬಾಣವಿಲ್ಲದ ಷರ್ಟು ಎಲ್ಲಿದೆ ಎಂದು ಇವಳನ್ನೇ ಕೇಳತೊಡಗಿದ್ದರು. ಅಂಗಡಿಯವನು ಓಡಿ ಬಂದು ಕೈಮುಗಿದ. ಇವಳು ಹೊರಡಲು ಒಪ್ಪಿದಳು, ಆದರೆ ಪುರಾವೆ ಬೇಕು ಎಂದಳು. ಅವನು ಬಿಲ್ಲಿನ ಹಿಂದೆ ಬರೆದುಕೊಟ್ಟ: "ಈಯಮ್ಮ ಕೆಲಸ ಕೇಳಿದ್ದು ನಿಜ. ದಯವಿಟ್ಟು ಇನ್ನೊಮ್ಮೆ ಕಳಿಸಬೇಡಿ." ಪರಿಶೀಲನೆ ಸಾಹೇಬರು ಅದನ್ನು ಎರಡು ಸಲ ಓದಿ, ಪುರಾವೆ ಸಮರ್ಪಕವಾಗಿದೆ ಎಂದು ಮೊಹರು ಹಾಕಿದರು.

ಎಂಟು ವಾರ ಕಳೆದವು. ಒಂಬತ್ತನೆಯ ವಾರ ಅಮ್ಮ ನಮ್ಮ ಹಿಂದಿನ ಕೋಣೆಯ ಸಾಮಾನು ಹೊರಹಾಕಿ ಗೋಡೆಗೆ ಬಣ್ಣ ಹೊಡೆಸಿದಳು. ಬಣ್ಣದವನು ಮೇಲೆ ಹೊಡೆಯುತ್ತಿದ್ದರೆ ಇವಳು ಕೆಳಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕನ ಕಷ್ಟಕ್ಕೆ ಎಂದು ಅವನು ತಿಳಿದುಕೊಂಡು, ಅಳಬೇಡಿ ಅಮ್ಮ, ಜೊತೆಯಲ್ಲೇ ಇರುತ್ತಾರಲ್ಲ ಎಂದು ಸಮಾಧಾನ ಹೇಳಿದ. ಅಮ್ಮ ಇನ್ನೂ ಜೋರಾಗಿ ಅತ್ತಳು. ದೊಡ್ಡಮ್ಮ ಕೋಣೆ ನೋಡಲು ಬಂದು, ಬಾಗಿಲ ಹಿಂದೆ ಬಣ್ಣ ಸರಿಯಾಗಿ ಕೂತಿಲ್ಲ ಎಂದಳು. ಬಾಗಿಲ ಹಿಂದೆ ನೋಡುವವರು ಯಾರು ಎಂದು ಅಮ್ಮ ಕೇಳಿದಳು. ನಾನು ನೋಡ್ತೀನಲ್ಲ ಎಂದು ದೊಡ್ಡಮ್ಮ. ಅಲ್ಲಿಂದ ಮುಂದೆ ಇಬ್ಬರೂ ನನ್ನ ಮುಖ ನೋಡಿಕೊಂಡು ಮಾತಾಡತೊಡಗಿದರು. ಇನ್ನು ನಾಲ್ಕು ವಾರಕ್ಕೆ ಇದೇ ನನ್ನ ಕಾಯಂ ಕೆಲಸವಾಗುವುದಿತ್ತು.

ಹತ್ತನೆಯ ವಾರದ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಎತ್ತರದ, ತೆಳ್ಳಗಿನ ಹೆಂಗಸೊಬ್ಬಳು ಬಂದಳು. ಅರ್ಜಿಯ ಮೂರು ಪ್ರತಿ ಬೇಕೆಂದಳು. ಬೇರೆಯವರ ಕಾಗದ ಓದಬಾರದು ಎನ್ನುವುದು ನನ್ನ ಕಸುಬಿನ ಮರ್ಯಾದೆ, ಅದನ್ನು ನಾನು ದಿನವೂ ಮುರಿಯುತ್ತೇನೆ. ಏಳನೆಯ ಕಾಲಮ್ಮಿನಲ್ಲಿ "ನನ್ನ ತಪ್ಪು. ನಂಬರ್ 7" ಎಂದಿತ್ತು.

ನನ್ನ ಕೈ ಮೆಷಿನ್ನಿನ ಮುಚ್ಚಳದ ಮೇಲೇ ನಿಂತಿತು. ಯಾವ ಕಾರ್ಖಾನೆ ಎಂದು ಕೇಳಿದೆ. ಅದೇ. ಎಷ್ಟು ಷರ್ಟು ಎಂದು ಕೇಳಿದೆ. ಅವಳು ಬೆಚ್ಚಿಬಿದ್ದು, ನಿಮಗೆ ಯಾರು ಹೇಳಿದರು ಎಂದಳು. ನಲವತ್ತೆರಡಾ, ಎಡಗಡೆ ತುದಿಯಾ ಎಂದೆ. ಹೆಂಗಸು ಬೆಂಚಿನ ಮೇಲೆ ಕುಸಿದು ಕೂತು, ಮುನ್ನೂರು ಜನರಿಗೂ ಗೊತ್ತಾಗಿಹೋಯಿತಾ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳಿಗೆ ನೀರು ಕೊಟ್ಟು, ಕಚೇರಿಯಲ್ಲಿ ಇನ್ನು ಯಾರಾದರೂ ಟೇಬಲ್ಲಿನವರು ಸಿಕ್ಕಿದ್ದರಾ ಎಂದು ವಿಚಾರಿಸಿದೆ. ಒಬ್ಬೊಬ್ಬರಿಗೆ ಒಂದೊಂದು ದಿನ, ಒಂದೊಂದು ಕೌಂಟರು. ಎರಡನೇ ನಂಬರಿನಾಕೆಯನ್ನು ಒಮ್ಮೆ ಮೆಟ್ಟಿಲ ಮೇಲೆ ಕಂಡು, ಯಾವ ಮುಖ ಹೊತ್ತು ಮಾತಾಡಿಸಲಿ ಎಂದು ಕಂಬದ ಹಿಂದೆ ನಿಂತಳಂತೆ. ಎರಡನೇ ನಂಬರಿನಾಕೆಯೂ ಯಾಕೋ ಇನ್ನೊಂದು ಕಂಬದ ಹಿಂದೆ ನಿಂತಿದ್ದಳಂತೆ.

ಅವತ್ತೇ ಸಂಜೆ ನಾನು ಎರಡನ್ನೂ ನಾಲ್ಕನ್ನೂ ಏಳನ್ನೂ ನನ್ನ ಬೆಂಚಿನ ಮೇಲೆ ಒಟ್ಟಿಗೆ ಕೂರಿಸಿದೆ. ಮೂವರೂ ಮೂರು ದಿಕ್ಕು ನೋಡುತ್ತಿದ್ದರು. ನಾನು ಮೂರು ಅರ್ಜಿಗಳ ಏಳನೆಯ ಕಾಲಮ್ಮನ್ನು ಒಂದರ ಕೆಳಗೊಂದು ಇಟ್ಟು ತೋರಿಸಿದೆ. ಈಗ ಕಣ್ಣು ತೆರೆಯುತ್ತದೆ, ಮ್ಯಾನೇಜರನಿಗೆ ಹಿಡಿಶಾಪ ಹಾಕುತ್ತಾರೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಮೂವರೂ ಜಗಳಕ್ಕೆ ನಿಂತರು. ಅಕ್ಕಾ, ಅದು ನನ್ನ ಪೀಸು, ನೀವ್ಯಾಕೆ ನಿಮ್ಮ ಮೇಲೆ ಹಾಕಿಕೊಳ್ಳುತ್ತೀರಿ ಎಂದು ಏಳನೆಯವಳು. ನಿನ್ನೆ ಮೊನ್ನೆ ಬಂದವಳು ನೀನು, ನನ್ನ ತಪ್ಪಿಗೆ ನೀನು ಯಾಕೆ ಸಹಿ ಹಾಕಿದೆ ಎಂದು ದೊಡ್ಡಮ್ಮ. ಎರಡನೆಯವಳು ಮಾತೇ ಆಡದೆ ಎದೆ ತಟ್ಟಿಕೊಂಡು ನನ್ನದು, ನನ್ನದು ಎಂದು ಸನ್ನೆ ಮಾಡುತ್ತಿದ್ದಳು. ಆಸ್ತಿಗಾಗಿ ಕಿತ್ತಾಡುವ ಅಣ್ಣತಮ್ಮಂದಿರನ್ನು ನೋಡಿದ್ದೇನೆ. ತಪ್ಪಿಗಾಗಿ ಇಷ್ಟು ಹಟದಿಂದ ಕಿತ್ತಾಡಿದವರನ್ನು ಕಂಡಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. "ನಲವತ್ತೆರಡು ಷರ್ಟು ಮೂರು ಜನರದ್ದೂ ಹೇಗಾಗುತ್ತೆ? ನಿಮ್ಮಲ್ಲಿ ಯಾರಾದ್ರೂ ಆ ಷರ್ಟನ್ನ ಕಣ್ಣಲ್ಲಿ ನೋಡಿದ್ರಾ?" ಎಂದು ಗದರಿದೆ.

 ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿರಲಿಲ್ಲ. ವಾಪಸ್ಸು ಬಂದ ಷರ್ಟಿನ ಪೆಟ್ಟಿಗೆ ಇನ್ನೂ ಬಂದರಿನಲ್ಲಿದೆ ಎಂದು ಮ್ಯಾನೇಜರು ಹೇಳಿದ್ದ, ಇವರು ನಂಬಿದ್ದರು. ಏಕೆಂದರೆ ಆ ಟೇಬಲ್ಲಿನಲ್ಲಿ ನಂಬರು ಹೇಳಿದ ಮೇಲೆ ವಾದ ಮಾಡುವ ಪದ್ಧತಿಯೇ ಇರಲಿಲ್ಲ. ಆ ಪದ್ಧತಿಯನ್ನು ಅವನು ಚೆನ್ನಾಗಿ ತಿಳಿದುಕೊಂಡಿದ್ದ.

ದೊಡ್ಡಮ್ಮ ತಲೆಯ ಮೇಲೆ ಕೈಹೊತ್ತು ಕೂತಳು. "ಪೀಸು ನೋಡದೆ ಸಹಿ ಹಾಕಿದೀನಿ. ಇಪ್ಪತ್ನಾಲ್ಕು ವರ್ಷದಲ್ಲಿ ನಾನು ಮಾಡಿರೋ ದೊಡ್ಡ ತಪ್ಪು ಇದು" ಎಂದಳು.

ಮಾರನೆಯ ದಿನ ಮೂವರು ಒಂಬತ್ತಾದರು. ಎಲ್ಲರನ್ನೂ ಅವನು ಒಬ್ಬೊಬ್ಬರಾಗಿ ಒಳಗೆ ಕರೆದಿದ್ದ, ಎಲ್ಲರಿಗೂ ಅದೇ ನಲವತ್ತೆರಡು, ಎಲ್ಲರಿಗೂ ಯಾರಿಗೂ ಹೇಳಬೇಡ ಎಂಬ ಅದೇ ಔದಾರ್ಯ. ಒಂಬತ್ತೂ ಜನ ಅರ್ಜಿಯಲ್ಲಿ ಅದನ್ನೇ ಬರೆದು ಒಂಬತ್ತು ತಿರಸ್ಕಾರ ಪಡೆದಿದ್ದರು. ನಾನು ಒಂಬತ್ತರ ಪ್ರತಿ ತೆಗೆದು ಹೊಲಿದು ಪುಸ್ತಕ ಮಾಡಿ, ಸರದಿಯಲ್ಲದ ದಿನವೇ ಎಲ್ಲರನ್ನೂ ಕರೆದುಕೊಂಡು ಆರನೇ ಕೌಂಟರಿಗೆ ಹೋದೆ. ಪರಿಶೀಲನೆ ಸಾಹೇಬರು ಪುಟ ತಿರುವಿದರು. ನಾಲ್ಕನೆಯ ಪುಟಕ್ಕೆ ಕನ್ನಡಕ ತೆಗೆದರು, ಆರನೆಯದಕ್ಕೆ ಮತ್ತೆ ಹಾಕಿಕೊಂಡರು. ಒಂದು ಕಾರ್ಖಾನೆಯನ್ನು ಒಂಬತ್ತು ಜನ ಬೇರೆಬೇರೆಯಾಗಿ ಮುಚ್ಚಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ಆಮೇಲೆ ನಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ನೌಕರರ ತಪ್ಪಿಲ್ಲದೆ ಕಾರ್ಖಾನೆ ಮುಚ್ಚಿದರೆ ಮಾಲೀಕರು ಪರಿಹಾರ ಕೊಡಬೇಕು, ಬಹಳ ವರ್ಷ ದುಡಿದವರಿಗೆ ಹೆಚ್ಚು. ಚೆಕಿಂಗ್ ಟೇಬಲ್ಲಿನವರೇ ಎಲ್ಲರಿಗಿಂತ ಹಳಬರು. ತಪ್ಪು ತಮ್ಮದೇ ಎಂದು ನಂಬಿಸಿ ಅವರ ಬಾಯಿಗೆ ಬೀಗ ಹಾಕಿದರೆ ಮಾಲೀಕರಿಗೆ ಎಷ್ಟು ಉಳಿಯುತ್ತದೆಂದು ಮ್ಯಾನೇಜರು ಲೆಕ್ಕ ಹಾಕಿದ್ದ. ಅವರು ಬಾಯಿಗೆ ಹಾಕಿದ ಬೀಗವನ್ನು ಪೆನ್ನಿಗೆ ಹಾಕುವುದಿಲ್ಲವೆಂದು ಅವನಿಗೆ ಹೊಳೆದಿರಲಿಲ್ಲ.

ಅರ್ಜಿ ತಿದ್ದಿಕೊಡಿ, ಈಗಲೇ ಮಂಜೂರು ಮಾಡುತ್ತೇನೆ ಎಂದು ಸಾಹೇಬರು ಏಳನೆಯ ಕಾಲಮ್ಮಿನ ತಿದ್ದುಪಡಿ ಹಾಳೆ ಕೊಟ್ಟರು. ಮುಗಿಯಿತಲ್ಲ ಎಂದು ನಾನು ಉಸಿರುಬಿಟ್ಟೆ. ದೊಡ್ಡಮ್ಮ ಪೆನ್ನು ತೆಗೆದುಕೊಂಡು ಬರೆದದ್ದು: "ಪೀಸು ತೋರಿಸಿಲ್ಲ. ತೋರಿಸಿದರೆ ಹೇಳುತ್ತೇನೆ." ಉಳಿದ ಎಂಟು ಜನ ಅದನ್ನು ನೋಡಿ ಹಾಗೆಯೇ ಬರೆದರು. ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಉಳಿದಿತ್ತು. ಮನೆ ಖಾಲಿ ಮಾಡಲು ಮೂರು ವಾರವಷ್ಟೇ ಇತ್ತು, ಇವಳು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಒಂದು ಸಲ ನೋಡದೆ ಸಹಿ ಹಾಕಿದ್ದೇ ಸಾಕು, ಇನ್ನೊಂದು ಸಲ ನೋಡದೆ ಇನ್ನೊಂದು ಥರ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದಳು. ಸಾಹೇಬರು ನಿಟ್ಟುಸಿರಿಟ್ಟು, ವಾಪಸ್ಸು ಬಂದ ಷರ್ಟುಗಳನ್ನು ಹಾಜರುಪಡಿಸಬೇಕೆಂದು ಮ್ಯಾನೇಜರನಿಗೆ ನೋಟೀಸು ಕಳಿಸಿದರು.

ಹದಿಮೂರನೆಯ ವಾರದ ಗುರುವಾರ ವಿಚಾರಣೆ. ಭಾನುವಾರ ಮನೆ ಬಿಡಬೇಕು. ದೊಡ್ಡಮ್ಮನ ಪೆಟ್ಟಿಗೆ ಆಗಲೇ ಕಟ್ಟಿಯಾಗಿತ್ತು. ಮ್ಯಾನೇಜರು ನಗುನಗುತ್ತ ಬಂದ, ಬಗಲಲ್ಲಿ ಒಂದು ಕಾಗದದ ಪೊಟ್ಟಣ. ಬಿಡಿಸಿದರೆ ತಿಳಿನೀಲಿ ಷರ್ಟು. ಮಿಕ್ಕವು ಬಂದರಿನಲ್ಲೇ ನಾಶವಾದವು, ಮಾದರಿಗೆಂದು ಇದೊಂದನ್ನು ಇಟ್ಟುಕೊಂಡಿದ್ದೆ, ನಂಬರಿನ ಚೀಟಿ ದಾರಿಯಲ್ಲಿ ಬಿದ್ದುಹೋಗಿದೆ ಎಂದ. ನಾನೂ ನೋಡಿದೆ. ಕಾಲರಿನ ಎಡತುದಿ, ಕುರುಡನಿಗೂ ಕಾಣುವಷ್ಟು ಉದ್ದವಾಗಿತ್ತು. ಒಂಬತ್ತು ಮುಖಗಳೂ ಒಟ್ಟಿಗೆ ಬಾಡಿದವು.  ಹಿಂದಿನ ಕೋಣೆಯ ಹೊಸ ಬಣ್ಣ ಕಣ್ಣ ಮುಂದೆ ಬಂತು.

ದೊಡ್ಡಮ್ಮ ಮೇಜಿನ ಮೇಲಿನ ಕಡತ ಸರಿಸಲು ಹೇಳಿದಳು. ಸಾಹೇಬರೇ ಎದ್ದು ಸರಿಸಿದರು. ಕೂರಲು ಕುರ್ಚಿ ಕೊಟ್ಟರೆ ಬೇಡವೆಂದಳು, ಕೂತು ಚೆಕಿಂಗ್ ಮಾಡುವುದು ಅವಳಿಗೆ ಬರುವುದಿಲ್ಲ. ಷರ್ಟು ಹರವಿದಳು.  ಕಾಲರಿನ ತುದಿಗಳನ್ನು ಜೋಡಿಸಿ ನೋಡಿ, ತಪ್ಪಿದೆ, ಇವರು ಹೇಳಿದ್ದು ನಿಜ ಎಂದಳು. ಮ್ಯಾನೇಜರನ ನಗು ಅಗಲವಾಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಆದರೆ ಒಂದು ತಪ್ಪು ಸಿಕ್ಕಿತೆಂದು ಉಳಿದದ್ದು ನೋಡದೆ ಬಿಡುವವಳಲ್ಲ ಅವಳು. ಭುಜ ನೋಡಿದಳು. ತೋಳು ನೋಡಿದಳು. ಗುಂಡಿಗಳನ್ನು ಒಂದೊಂದಾಗಿ ಎಳೆದಳು.  ಕೆಳಗಿನ ಅಂಚಿಗೆ ಬಂದಾಗ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಹೊಲಿಗೆಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ತೋಳಿನಲ್ಲಿ ಎಣಿಸಿದಳು. ಆಮೇಲೆ ಷರ್ಟನ್ನು ಏಳನೇ ನಂಬರಿನ ಕೈಗೆ ಕೊಟ್ಟಳು. ಏಳು ಎಣಿಸಿ ಎರಡಕ್ಕೆ, ಎರಡು ಎಣಿಸಿ ಐದಕ್ಕೆ. ಹೊರಗೆ ಸರದಿಯ ಸಾಲು ಬೆಳೆದು ಮೆಟ್ಟಿಲು ಇಳಿದಿತ್ತು. ಸಾಹೇಬರು ಗಡಿಯಾರ ನೋಡಿ, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು.

"ಪರಿಶೀಲನೆಯಲ್ಲಿದೆ" ಎಂದಳು ದೊಡ್ಡಮ್ಮ. ಅವಳು ಅದನ್ನು ತಮಾಷೆಗೆ ಹೇಳಲಿಲ್ಲ. ಸಾಹೇಬರು ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು.

ಒಂಬತ್ತನೆಯ ಕೈ ಮುಟ್ಟಿ ಷರ್ಟು ಮೇಜಿಗೆ ವಾಪಸ್ಸು ಬಂತು. ದೊಡ್ಡಮ್ಮ ಎಲ್ಲರ ಮುಖ ನೋಡಿದಳು, ಎಲ್ಲರೂ ತಲೆಯಾಡಿಸಿದರು.

"ಇಂಚಿಗೆ ಹನ್ನೊಂದು ಹೊಲಿಗೆ ಇದೆ ಸಾಹೇಬ್ರೆ. ನಮ್ಮಲ್ಲಿ ಹದಿನಾಲ್ಕು. ಗುಂಡಿ ಅಡ್ಡ ಹೊಲಿಗೆ, ನಮ್ಮದು ಉದ್ದ ಹೊಲಿಗೆ. ಇದು ನಮ್ಮ ಕಾರ್ಖಾನೆ ಪೀಸೇ ಅಲ್ಲ" ಎಂದಳು.

ಮೆಷಿನ್ನಿನ ಸೆಟ್ಟಿಂಗು ಬದಲಾಗಿರಬಹುದು ಎಂದು ಮ್ಯಾನೇಜರು ಏನೋ ತೊದಲಿದ. "ಬದಲಾಗಿದ್ರೆ ಅವತ್ತೇ ಬಾಣ ಬೀಳ್ತಿತ್ತು" ಎಂದು ಏಳನೇ ನಂಬರು ಹೇಳಿದಳು. ಸಾಹೇಬರು ಕಾರ್ಖಾನೆಯ ಹಳೆಯ ಷರ್ಟು ಯಾರ ಬಳಿಯಾದರೂ ಇದೆಯೇ ಎಂದು ಕೇಳಿದರು. ಮ್ಯಾನೇಜರು ತೊಟ್ಟಿದ್ದೇ ಕಾರ್ಖಾನೆಯ ಷರ್ಟು. ಎಂಟು ಹೆಂಗಸರು ಸುತ್ತ ನಿಂತರು, ದೊಡ್ಡಮ್ಮ ಅವನ ಷರ್ಟಿನ ಅಂಚು ಹಿಡಿದು ಸಾಹೇಬರಿಗೆ ಕೇಳುವಂತೆ ಹದಿನಾಲ್ಕರವರೆಗೆ ಎಣಿಸಿದಳು. ಅವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಬಂದರಿನ ಕಾಗದ, ಗಿರಾಕಿಯ ಪತ್ರ, ಏನಿದ್ದರೂ ತೋರಿಸಿ ಎಂದು ಸಾಹೇಬರು ಕೇಳಿದಾಗ ಅವನ ಬಳಿ ಏನೂ ಇರಲಿಲ್ಲ.

ಒಂಬತ್ತು ಅರ್ಜಿಗಳೂ ಅವತ್ತೇ ಮಂಜೂರಾದವು. ಪರಿಹಾರದ ವಿಷಯ ಮೇಲಿನವರಿಗೆ ಹೋಯಿತು, ಅದೀಗ ಬೇರೆಲ್ಲೋ ಪರಿಶೀಲನೆಯಲ್ಲಿದೆ. ನಾನು ಅಲ್ಲಿಂದಲೇ ಮನೆ ಮಾಲೀಕನಿಗೂ ಅಮ್ಮನಿಗೂ ಫೋನು ಮಾಡಿದೆ. ಮನೆ ಉಳಿಯಿತು ಎಂದು ಕೇಳಿ ಅಮ್ಮ, ದೇವರು ದೊಡ್ಡವನು, ಅಕ್ಕ ನಮ್ಮ ಜೊತೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದಳು.

ಹೊರಗೆ ಬಂದರೆ ದೊಡ್ಡಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದಳು. ದೊಡ್ಡಪ್ಪ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಮನೆ ನಿನ್ನದೇ, ಪೆಟ್ಟಿಗೆ ಬಿಚ್ಚು, ಇನ್ನೇಕೆ ಅಳು ಎಂದು ಪಕ್ಕದಲ್ಲಿ ಕೂತೆ.

"ನನ್ನ ಕಣ್ಣೇ ಹೋಯ್ತು ಅಂದ್ಕೊಂಡಿದ್ದೆ ಕಣೋ" ಎಂದಳು. "ನನ್ನ ಕಣ್ಣು ತಪ್ಪಿ ಮುನ್ನೂರು ಮನೆ ಒಲೆ ಆರಿಹೋಯ್ತು ಅಂತ."

ನನಗೆ ನಾಚಿಕೆಯಾಯಿತು. ಇಷ್ಟು ವಾರ ನಾನು ಇವಳನ್ನು ಹಟಮಾರಿ, ಮೊಂಡಿ ಎಂದು ಬೈದಿದ್ದೆ. ಎರಡು ಪದ ಬರೆಯಲು ಇಷ್ಟೇಕೆ ಬಿಂಕ ಎಂದು ಅಂಗಡಿಯ ಗಿರಾಕಿಗಳ ಮುಂದೆ ಆಡಿಕೊಂಡಿದ್ದೆ. ಅವಳು ಅಷ್ಟೂ ದಿನ ಮುನ್ನೂರು ಮನೆಗಳನ್ನು ಹೊತ್ತುಕೊಂಡು ತಿರುಗುತ್ತಿದ್ದಳು, ನಾನು ಅವಳ ಎರಡು ಕೋಣೆಗಳನ್ನಷ್ಟೇ ನೋಡುತ್ತಿದ್ದೆ.

ದೊಡ್ಡಮ್ಮ ಮೂಗೊರೆಸಿಕೊಂಡು ಎದ್ದು, ಇಸ್ತ್ರಿಯವನ ಮನೆ, ಕಟಿಂಗ್ ಮಾಸ್ತರರ ಮನೆ, ಗೇಟಿನವನ ಮನೆ ಎಲ್ಲೆಲ್ಲಿದೆ ಎಂದು ತನಗೆ ತಾನೇ ಹೇಳಿಕೊಳ್ಳತೊಡಗಿದಳು. ಒಬ್ಬೊಬ್ಬರ ಮನೆಗೂ ಹೋಗಿ, ಆ ತಪ್ಪು ನನ್ನದಲ್ಲ ಎಂದು ಹೇಳಿ ಬರಬೇಕಂತೆ. 

"ಅವರಿಗೆ ನಿನ್ನ ಮೇಲೆ ಅನುಮಾನವೇ ಇರ್ಲಿಲ್ವಲ್ಲ ದೊಡ್ಡಮ್ಮ" ಎಂದೆ.

"ನನಗಿತ್ತಲ್ಲೋ" ಎಂದಳು.